ಬಿಟ್ಟಿ ಕುದುರೆ

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಆ ಹೆಂಗಸಿಗೆ ಚೆಸ್ ಕಲಿಸಿದ್ದು ಅವಳ ಮಾವ. ತೊಡೆ ಮೂಳೆ ಮುರಿದು ಮೂರು ತಿಂಗಳು ಮಲಗಿದ್ದಾಗ ಆಡಲು ಜೊತೆ ಸಿಗದೆ ಸೊಸೆಯನ್ನೇ ಹಿಡಿದು ಕೂರಿಸಿಕೊಂಡಿದ್ದರು. ಮೂಳೆ ಕೂಡಿಕೊಳ್ಳುವ ಹೊತ್ತಿಗೆ ಸೊಸೆ ಮಾವನನ್ನೇ ಸೋಲಿಸತೊಡಗಿದ್ದಳು. ಯಾವುದನ್ನೇ ಆಗಲಿ, ಒಳಗೇನಿದೆ ಎಂದು ನೋಡದೆ ಬಿಡುವ ಜಾಯಮಾನ ಅವಳದಲ್ಲ.

ಐವತ್ತೊಂದನೇ ವಯಸ್ಸಿನಲ್ಲಿ ಊರಿನ ಪಂದ್ಯಾವಳಿಗೆ ಹೆಸರು ಕೊಟ್ಟಳು. ಮೂರನೇ ಸುತ್ತಿನಲ್ಲಿ ಎದುರಾದವರು ನಿವೃತ್ತ ಗಣಿತದ ಮೇಷ್ಟ್ರು, ಏಳು ಸಲ ಗೆದ್ದ ಹುಲಿ. ಬಿಳಿ ಕಾಯಿ ಅವರದು. ಎರಡನೇ ನಡೆಗೇ ಒಂದು ಕಾಲಾಳನ್ನು ಅವಳ ಬಾಯಿಗೆ ತಂದಿಟ್ಟರು. ತಿಂದಳು. ಐದನೇ ನಡೆಯಲ್ಲಿ ಅವರ ಕುದುರೆ ಸಾಯುವಂತಿತ್ತು. ಮೇಷ್ಟ್ರು ಅದರ ಕಡೆ ತಿರುಗಿಯೂ ನೋಡದೆ ತಮ್ಮ ರಾಜನನ್ನು ಕೋಟೆಗೆ ಸೇರಿಸಿ ಕೈಕಟ್ಟಿ ಕೂತರು. ಇವರಿಗೇನಾದರೂ ಮರೆವೇ ಎಂದುಕೊಳ್ಳುತ್ತ ಕುದುರೆಯನ್ನೂ ತಿಂದಳು. ಆಮೇಲೆ ಇನ್ನೊಂದು ಕಾಲಾಳು. ಅದರ ಹಿಂದೆ ಒಂಟೆ. ಅದನ್ನು ತಿನ್ನಲು ಅವಳ ರಾಜನೇ ಮನೆ ಬಿಟ್ಟು ಹೊರಬಂದ. ಒಂಬತ್ತನೇ ನಡೆಯಲ್ಲಿ ಮತ್ತೂ ಒಂದು ಕಾಲಾಳು ಸಿಕ್ಕಿತು. ರಾಣಿಯಿಂದ ಅದನ್ನೂ ಬಾಚಿಕೊಂಡಳು. ಹದಿನೆಂಟನೇ ನಡೆಗೆ ಅವಳ ರಾಜ ನಡುಬಯಲಲ್ಲಿ ಸಿಕ್ಕಿಬಿದ್ದು ಆಟ ಮುಗಿಯಿತು.

ಸೋತವರು ಸಾಮಾನ್ಯವಾಗಿ ಕೈಕುಲುಕಿ ಜಾಗ ಖಾಲಿ ಮಾಡುತ್ತಾರೆ. ಇವಳು ಏಳಲಿಲ್ಲ.

“ಸರ್, ಇನ್ನೊಂದ್ಸಲ ಜೋಡಿಸ್ತೀರಾ? ನಾನು ಸತ್ತಿದ್ದೆಲ್ಲಿ ಅಂತ ನೋಡ್ಬೇಕು.”

ಮೇಷ್ಟ್ರು ಗಡಿಯಾರ ನೋಡಿಕೊಂಡರು, ಆದರೂ ಜೋಡಿಸಿದರು. ಅವಳು ಒಂದೊಂದು ನಡೆಗೂ ಯಾಕೆ, ಏನು ಎಂದು ಕೆದಕಿದಳು. ಒಂಬತ್ತನೆಯದಕ್ಕೆ ಬಂದಾಗ ಆ ಕಾಲಾಳನ್ನು ಮುಟ್ಟದೆ, ರಾಣಿಯನ್ನು ಒಂದೇ ಮನೆ ಪಕ್ಕಕ್ಕೆ ಸರಿಸಿ ತನ್ನ ರಾಜನಿಗೆ ಮರೆಯಾಗಿ ನಿಲ್ಲಿಸಿದಳು.

“ಇದನ್ನ ತಿನ್ನದೇ ಇದ್ದಿದ್ರೆ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ನಾನು ಸೋಲ್ತಿದ್ದೆ ತಾಯಿ. ಹನ್ನೊಂದು ವರ್ಷದಿಂದ ಗೊತ್ತಿದೆ.”

“ಗೊತ್ತಿದ್ದೂ ಇದನ್ನೇ ಆಡ್ತೀರಾ?”

“ಬಿಟ್ಟಿ ಸಿಕ್ಕಿದ್ದನ್ನ ಬೇಡ ಅನ್ನೋರು ಒಬ್ಬರಾದ್ರೂ ಇದಾರಾ ಅಂತ ನೋಡೋ ಆಸೆ.”

ಮರುವರ್ಷ ಮತ್ತೆ ಇಬ್ಬರೂ ಎದುರುಬದುರಾದರು. ಅವಳಿಗೆ ಗೊತ್ತಿದೆ ಎಂದು ಗೊತ್ತಿದ್ದೂ ಮೇಷ್ಟ್ರು ಅದೇ ಕಾಲಾಳು, ಅದೇ ಕುದುರೆ ಕೊಟ್ಟರು. ಒಂಬತ್ತನೇ ನಡೆಯಲ್ಲಿ ಅವಳು ಕಾಲಾಳನ್ನು ಮುಟ್ಟದೆ ರಾಣಿಯನ್ನು ಪಕ್ಕಕ್ಕೆ ಸರಿಸಿದಳು. ಮೂವತ್ತನಾಲ್ಕನೇ ನಡೆಗೆ ಗೆದ್ದಳು. ಸೋತ ಬೇಸರ ಮೇಷ್ಟ್ರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಹನ್ನೆರಡನೇ ನಡೆಯಲ್ಲಿ ಆನೆ ಬದಲು ಕುದುರೆ ಹೊರಡಿಸಿದ್ದರೆ ಏನಾಗುತ್ತಿತ್ತು ಎಂದು ವಾದಿಸುತ್ತ ಅವಳ ಜೊತೆ ಬಸ್ ನಿಲ್ದಾಣದವರೆಗೂ ನಡೆದರು. ಅವಳ ಬಸ್ಸು ಬಂದು ಹೋಯಿತು. ಇಬ್ಬರೂ ಗಮನಿಸಲಿಲ್ಲ.