ಮೈಲುತುತ್ತದಲ್ಲಿ ನೀರಿಲ್ಲವೆಂದ ಮಾಸ್ತರ

ತಿಕೋಟಾದ ಯಲಗೂರಪ್ಪ ಮಾಸ್ತರರ ಟ್ಯೂಷನ್ನಿಗೆ ಮಕ್ಕಳನ್ನು ಸೇರಿಸುವಾಗ ಅಪ್ಪಂದಿರು ಹೇಳುತ್ತಿದ್ದುದು ಒಂದೇ ಮಾತು: "ಕಣ್ಣೊಂದ ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸರ್." ಮಾಸ್ತರರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಇಪ್ಪತ್ತೆರಡು ವರ್ಷ ರಸಾಯನಶಾಸ್ತ್ರ ಕಲಿಸಿದರು, ಇಪ್ಪತ್ತೆರಡು ವರ್ಷ ಬಡಿದರು. ತಮ್ಮ ಲೆಕ್ಕ ಒಂದು ಸಲವೂ ತಪ್ಪಿಲ್ಲ ಎಂಬ ಹೆಮ್ಮೆಯ ಮೇಲೆಯೇ ಬದುಕಿದ್ದ ಮನುಷ್ಯ.

ಆ ಬೆಳಿಗ್ಗೆ ಹಳೆಯ ಪ್ರಶ್ನೆಪತ್ರಿಕೆಯೊಂದರಿಂದ ಹಲಗೆಯ ಮೇಲೆ ಬರೆದರು: ದ್ರಾಕ್ಷಿಗೆ ಹೊಡೆಯುವ ನೀಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, 249.5 ಗ್ರಾಂ. ಎಷ್ಟು ಮೋಲ್? ಆಮ್ಲಜನಕದ ಪರಮಾಣು ಎಷ್ಟು ಮೋಲ್? ಎಲ್ಲರೂ ಮಾಸ್ತರರು ಬಾಯಿಪಾಠ ಮಾಡಿಸಿದ್ದ ಸೂತ್ರದ ತೂಕ 159.5ರಿಂದ ಭಾಗಿಸಿ, ಒಂದೂವರೆ ಮೋಲ್ ಚಿಲ್ಲರೆ ಎಂದರು. ಸಾರವಾಡದ ರೇಣುಕಾ ಮಾತ್ರ ಒಂದೇ ಮೋಲ್ ಎಂದಳು, ಆಮ್ಲಜನಕ ಒಂಬತ್ತು ಮೋಲ್ ಎಂದಳು.

"ಸೂತ್ರದಾಗ ನಾಕ ಅದಾವ. ಒಂಬತ್ತ ಎಲ್ಲಿಂದ ತಂದಿ ಬೇ?"

"ಹರಳಿನಾಗ ಐದು ನೀರ ಅದಾವ್ರಿ ಸರ್. ಅದರ ತೂಕಾನೂ ಹಿಡಿದ್ರ ಒಂದ ಮೋಲಿಗೆ 249.5 ಆಗತೈತ್ರಿ. ತ್ವಾಟದಾಗ ತಗಡಿನ ಮ್ಯಾಲ ಕಾಸಿ ನೋಡೇನಿ, ನೀರ ಹೋಗಿ ಬೆಳ್ಳಗ ಆಗತೈತಿ."

ಯಾರೋ ನಕ್ಕರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ತೋರಿಸಿದರೆ ಇನ್ನೇನಾದೀತು? ಅಂಗೈ, ಮುಂಗೈ, ಭುಜ ಎನ್ನದೆ ಬೆತ್ತ ಬಿತ್ತು. ಬೆತ್ತ ಸೀಳಿದಾಗ ಡಸ್ಟರಿನ ಕಟ್ಟಿಗೆ ಹಿಡಿದು ಬಡಿದರು. "ತಪ್ಪಂತ ಹೇಳು." ಅವಳು ಹೇಳಲಿಲ್ಲ. ಮಣಿಕಟ್ಟು ಲಟಕ್ಕೆಂದಿತು. ಸುಡಲಿ ಆ ಸಿಟ್ಟು. ಪರೀಕ್ಷೆಗೆ ಹನ್ನೊಂದು ದಿನವಿತ್ತು, ಮುರಿದದ್ದು ಬರೆಯುವ ಕೈ.

ಸಂಜೆ ಹಿತ್ತಿಲಲ್ಲಿ ಮಾಸ್ತರರು ತಗಡು ಕಾಸಿ ನೀಲಿ ಹರಳು ಸುರಿದರು, ಹುಡುಗಿಯ ಸೊಕ್ಕು ಮುರಿಯಲೆಂದೇ. ಹರಳು ಬೆಳ್ಳಗಾಯಿತು. ತೂಗಿದರೆ ಮೂರರಲ್ಲೊಂದು ಪಾಲು ತೂಕ ಹೋಗಿತ್ತು.

ಮರುದಿನ ಸಾರವಾಡಕ್ಕೆ ಹೋದರು. ಕೈಗೆ ಪಟ್ಟಿ ಕಟ್ಟಿಸಿಕೊಂಡು ರೇಣುಕಾ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಅಪ್ಪ ಗೊಲ್ಲಾಳಪ್ಪ ಮಾಸ್ತರರ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ, ಮುಖಕ್ಕೆ ಗುದ್ದಿದ. ಹೊಡೀರಿ ಎಂದು ಬಿಟ್ಟುಹೋದವನೂ ಅವನೇ. ಹಲ್ಲೊಂದು ಅಲುಗಾಡಿತು. ಮಾಸ್ತರರು ಕೈ ಎತ್ತಲಿಲ್ಲ.

"ನಿನ್ನ ಲೆಕ್ಕ ಸರಿ ಇತ್ತವ್ವ," ಎಂದರು.

"ನನಗ ಗೊತ್ತೈತ್ರಿ," ಎಂದಳು ರೇಣುಕಾ. "ಅದನ್ನ ಹೇಳಾಕ ಬಂದೀರೇನು? ನಿಮ್ಮ ಹೊಡತಕ್ಕ ಹೆದರಿ ತಪ್ಪ ಲೆಕ್ಕ ಕಲತವ್ರು ಇಪ್ಪತ್ತೆರಡ ವರ್ಷದಿಂದ ಅದಾರ. ಅವರ ಮನಿಗೂ ಹೋಗ್ರಿ."