ಕೌದಿಯ ನಾಲ್ಕನೇ ಮೂಲೆ

ಗಂಡ ಮಾಡುವ ಕೆಲಸ ಏನೆಂಬುದು ತುಂಗಾಬಾಯಿಗೆ ಎಂದೂ ಸರಿಯಾಗಿ ತಿಳಿಯಲಿಲ್ಲ. ಬಂಡು ಮಾಸ್ತರರು ಶಾಲೆಯ ಡ್ರಾಯಿಂಗ್ ಮಾಸ್ತರರು, ಸರಿ. ಹುಡುಗರಿಗೆ ಮಾವಿನಕಾಯಿ, ಕೊಡ, ಕಂದೀಲು ಬರೆಯಲು ಕಲಿಸುತ್ತಾರೆ, ಅದೂ ಸರಿ. ಆದರೆ ರವಿವಾರ ಇಡೀ ದಿನ ಕಿಟಕಿಯ ಮುಂದೆ ಕೂತು ಎದುರಿನ ಹಾಳುಗೋಡೆಯನ್ನೇ ಬರೆದು, "ಇದ್ರಾಗ ಎಷ್ಟು ಶಾಂತಿ ಅದ ನೋಡು ತುಂಗಾ" ಎಂದರೆ ಆಕೆಯಾದರೂ ಏನು ನೋಡಬೇಕು? ಗೋಡೆಯ ಶಾಂತಿ ಗೋಡೆಗೇ ಇರಲಿ. ಆಕೆಯ ಶಾಂತಿ ಎಂದರೆ ಮಡಿಯಲ್ಲಿ ಅಡಿಗೆ ಮುಗಿದು, ದೇವರಿಗೆ ನೈವೇದ್ಯವಾಗಿ, ಎಲ್ಲರ ಊಟ ಆದ ಮೇಲೆ ಕೌದಿ ಹಾಸಿಕೊಂಡು ಅರ್ಧ ತಾಸು ಕಣ್ಣು ಮುಚ್ಚುವುದು. ಬೇರೆ ಯಾವ ಹಾಸಿಗೆಯ ಮೇಲೂ ಆಕೆಗೆ ನಿದ್ದೆ ಹತ್ತುತ್ತಿರಲಿಲ್ಲ.

ಆ ಕೌದಿ ಕಮಲಾಪುರದ್ದು. ಎಂಬತ್ನಾಲ್ಕರಲ್ಲಿ ಮಾಸ್ತರರಿಗೆ ಅಲ್ಲಿಗೆ ವರ್ಗವಾದಾಗ ಇವರು ಬಾಡಿಗೆ ಹಿಡಿದ ಮನೆಯ ಗೋಡೆಗೆ ಗೋಡೆ ಹತ್ತಿಕೊಂಡೇ ಮಸ್ತಾನಬಿಯ ಮನೆ. ಊರವರ ಹಳೆ ಸೀರೆ, ಧೋತರ ತಂದು ಕೌದಿ ಹೊಲಿಯುವ ಹೆಂಗಸು. ಹತ್ತು ವರ್ಷಕ್ಕೆ ದೊಡ್ಡವಳಾದ ಆಕೆಯನ್ನು ತುಂಗಾಬಾಯಿ ಅಕ್ಕ ಎಂಬಂತೆ 'ಆಪಾ' ಎಂದೇ ಕರೆಯುತ್ತಿದ್ದಳು. ಹಿತ್ತಲ ಗಿಡ್ಡ ಗೋಡೆಯ ಮೇಲೆ ಮೊಣಕೈ ಊರಿ ಇಬ್ಬರೂ ಮಾತಿಗೆ ನಿಂತರೆ ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ತಿಳಿಯುತ್ತಿರಲಿಲ್ಲ. ಹಬ್ಬಕ್ಕೆ ಈ ಕಡೆಯಿಂದ ಹೋಳಿಗೆ ಗೋಡೆ ದಾಟಿ ಹೋಗುತ್ತಿತ್ತು. ಆ ಕಡೆಯಿಂದ ಕೆಂಪು ಬಾಳೆಹಣ್ಣು, ಪುಂಡಿ ಸೊಪ್ಪು, ಹಸಿ ಶೇಂಗಾ ಬರುತ್ತಿದ್ದವು. ಒಲೆಯ ಮೇಲೆ ಬೇಯಿಸಿದ್ದು ಮಾತ್ರ ಆ ಕಡೆಯಿಂದ ಒಮ್ಮೆಯೂ ಬರಲಿಲ್ಲ. ತುಂಗಾಬಾಯಿ ಬಾಯಿಬಿಟ್ಟು ಬೇಡ ಎಂದವಳಲ್ಲ. ಇದರಲ್ಲಿ ಏನೋ ಸರಿಯಿಲ್ಲ ಎಂದು ಆಗಾಗ ಅನ್ನಿಸುತ್ತಿತ್ತು. ಏನು ಎಂದು ವಿಚಾರ ಮಾಡುವಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿತ್ತು.

ಎಂಬತ್ತೇಳರಲ್ಲಿ ತುಂಗಾಬಾಯಿಯ ತಾಯಿ ತೀರಿಕೊಂಡರು. ಉಳಿದದ್ದು ಐದು ಇಳಕಲ್ಲ ಸೀರೆ. ಉಡಲು ಮನಸ್ಸಿಲ್ಲ, ಯಾರಿಗಾದರೂ ಕೊಡಲು ಮೊದಲೇ ಮನಸ್ಸಿಲ್ಲ. ಟ್ರಂಕಿನ ಮುಂದೆ ಅಳುತ್ತ ಕೂತವಳನ್ನು ಕಂಡು ಮಸ್ತಾನಬಿ, "ಇಲ್ಲಿ ಕೊಡ್ರಿ ಬಾಯರೆ, ನಿಮ್ಮ ಆಯೀನ್ನ ನಿಮ್ಮ ಮಗ್ಗಲಾಗೇ ಮಲಗಸ್ತೀನಿ" ಎಂದಳು. ಎರಡು ತಿಂಗಳು ಹೊಲಿದಳು. ಕೆಂಪು ಸೆರಗು ನಡುವೆ, ಸುತ್ತ ನೀಲಿ, ಅಂಚಿಗೆ ದಡಿ. ಇರುವೆ ಸಾಲು ಹೊರಟಂತೆ ಸಣ್ಣ ಹೊಲಿಗೆ. ಒಂದು ಮೂಲೆಯಲ್ಲಿ ಮಾತ್ರ ಗಟ್ಟಿ ಗಂಟು. ಆಮೇಲಾಮೇಲೆ ಅಲ್ಲಿ ಹಳದಿ ಕಲೆಯೂ ಮೂಡಿತು. ಹಲ್ಲು ಬರುತ್ತಿದ್ದ ಮಗಳು ಅದೇ ಗಂಟನ್ನು ಕಚ್ಚಿ ಕಚ್ಚಿ ಚೀಪುತ್ತಿದ್ದಳು. ದೊಡ್ಡವಳಾದ ಮೇಲೆ, "ನೀನೇ ಸಾರು ಚೆಲ್ಲೀ" ಎಂದು ಆ ಕಲೆಗೆ ಬೈಸಿಕೊಂಡಳು.

ತೊಂಬತ್ತರಲ್ಲಿ ಮಾಸ್ತರರಿಗೆ ಮತ್ತೆ ಕಲಬುರಗಿಗೆ ವರ್ಗವಾಗಿ ಶಹಾಬಜಾರದ ಓಣಿಗೆ ಬಂದರು. ಕೌದಿಯೂ ಬಂತು. ತೊಂಬತ್ತೊಂಬತ್ತರಲ್ಲಿ ಮಾಸ್ತರರಿಗೆ ಹೊಸ ಹುಚ್ಚು ಹತ್ತಿತು. ಸೇಡಂ ರಸ್ತೆಯ ಒಂದು ಸಭಾಂಗಣದಲ್ಲಿ ಚಿತ್ರ ಪ್ರದರ್ಶನ ನಡೆಸುತ್ತಾರಂತೆ, ಅದರಲ್ಲಿ ತಮ್ಮ ಚಿತ್ರಗಳ ನಡುವೆ ಈ ಕೌದಿಯನ್ನೂ ತೂಗಹಾಕುತ್ತಾರಂತೆ!

"ಹಾಸ್ಕೊಳ್ಳೋದನ್ನ ಯಾರರೆ ಗ್ವಾಡಿಗೆ ಹಾಕ್ತಾರೇನ್ರಿ?"

"ಇದು ಕಲಾ, ತುಂಗಾ. ನಾ ಇಷ್ಟು ವರ್ಷ ಬರದದ್ದಕ್ಕಿಂತ ಖರೇ ಕಲಾ."

"ಮತ್ತ ನಾ ಇಷ್ಟು ವರ್ಷ ಕಲಾದ ಮ್ಯಾಲೆ ಕಾಲು ಚಾಚಿ ಮಲಗೀನೇನು?"

ಆದರೂ ಕೌದಿ ಹೋಯಿತು. ಮಸ್ತಾನಬಿಗೂ ಕರೆ ಹೋಯಿತು. ಜನ ಬಂದು ಕೈ ಹಿಂದೆ ಕಟ್ಟಿಕೊಂಡು ತಲೆ ಓರೆ ಮಾಡಿ ತನ್ನ ತಾಯಿಯ ಸೆರಗನ್ನು ನೋಡುವುದನ್ನು ಕಂಡು ತುಂಗಾಬಾಯಿಗೆ ಹೆಮ್ಮೆಯೋ ನಾಚಿಕೆಯೋ ಒಂದೂ ತಿಳಿಯದಂತಾಯಿತು. ಅಷ್ಟರಲ್ಲಿ ಯಾರೋ ಒಬ್ಬ ಹೆಣ್ಣುಮಗಳು ಕೌದಿ ಹೊಲಿಯುವ ಬಗೆ ಕೇಳಿದಳು. ಮಸ್ತಾನಬಿ ಉಮೇದಿನಿಂದ ಹೇಳತೊಡಗಿದಳು.

"ಮೂರು ಮೂಲಿ ಮುಚ್ಚಿದ ಮ್ಯಾಲ ನಾಲ್ಕನೇ ಮೂಲ್ಯಾಗ ಒಂದು ರೊಟ್ಟಿ ಚೂರು ಇಟ್ಟು ಹೊಲಿತೀವ್ರಿ. ನಮ್ಮ ಅಮ್ಮಾ ಕಲಿಸಿದ ರಿವಾಜು. ಹೊಟ್ಟಿ ಖಾಲಿ ಇದ್ದ ಕೌದಿ ಮ್ಯಾಲ ನಿದ್ದಿ ಹತ್ತಂಗಿಲ್ಲ."

ತುಂಗಾಬಾಯಿ ಪಕ್ಕದಲ್ಲೇ ನಿಂತಿದ್ದಳು. ರೊಟ್ಟಿ! ಆ ಗಂಟು! ಆ ಕಲೆ! ಶಿವಶಿವಾ, ಮಗಳು ಅದನ್ನೇ ಚೀಪಿದ್ದಳು. ವರ್ಷಕ್ಕೆ ಇಪ್ಪತ್ನಾಲ್ಕು ಏಕಾದಶಿ, ಹನ್ನೆರಡು ವರ್ಷ. ಹನಿ ನೀರು ಮುಟ್ಟದೆ ಉಪವಾಸವಿದ್ದು, ಪರರ ಮನೆಯ ರೊಟ್ಟಿಯ ಮೇಲೆ ತಲೆ ಇಟ್ಟು ಮಲಗಿದ್ದಳು. "ಇದ್ರಾಗೂ ಇಟ್ಟೀರೇನು ಆಪಾ?" ಎಂಬ ಒಂದೇ ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಮನೆಗೆ ಬಂದ ಕೌದಿಯನ್ನು ಎರಡು ದಿನ ಮುಟ್ಟಲಿಲ್ಲ. ಚಾಪೆಯ ಮೇಲೆ ಹೊರಳಾಡಿದಳು. ವಿಷಯ ಕೇಳಿ ಮಾಸ್ತರರು ನಕ್ಕರು. "ಹನ್ನೆರಡು ವರ್ಷದ ರೊಟ್ಟಿ ಮಣ್ಣಾಗಿರ್ತದ ಬಿಡು." ಮಣ್ಣಾಗಿದ್ದರೆ ಬಿಡಬಹುದೇ? ಹಾಗಾದರೆ ಮುಟ್ಟಿದ ದೋಷವೂ ಮಣ್ಣಾಯಿತೇ? ಆಚಾರ್ಯರನ್ನು ಕೇಳೋಣವೆಂದರೆ, ಕೌದಿಯನ್ನೇ ಬಿಸಾಕು ಎಂದುಬಿಟ್ಟರೆ? ಆಯಿಯ ಸೀರೆ ಬಿಸಾಕುವುದೇ? ಇತ್ತ ಸಿಟ್ಟು ಮಸ್ತಾನಬಿಯ ಮೇಲೋ ತನ್ನ ಮೇಲೋ ಗೊತ್ತಾಗದೆ, ಮೂರನೆಯ ದಿನ ಮಾಸ್ತರರು ದಾಡಿ ಮಾಡಿಕೊಳ್ಳುವ ಬ್ಲೇಡು ತೆಗೆದುಕೊಂಡು ಕೂತಳು. ಆ ಮೂಲೆಯನ್ನು ಕೊಯ್ದೇ ಬಿಟ್ಟಳು.

ಒಳಗಿದ್ದದ್ದು ಒಂದು ಅರಿಶಿನ ಕೊಂಬು. ಬಿಳಿ ಬಟ್ಟೆಯ ಚೂರಿನಲ್ಲಿ ಸುತ್ತಿ, ದಾರದಿಂದ ಬಿಗಿದು ಇಟ್ಟದ್ದು.

ಬೇಯಿಸಿದ್ದಲ್ಲ. ರೊಟ್ಟಿಯಲ್ಲ. ಮೊದಲು ಎದೆ ಹಗುರಾಯಿತು, ಸುಳ್ಳು ಯಾಕೆ ಹೇಳಬೇಕು? ಆ ಹಿಂದೆಯೇ, ಹಗುರಾಯಿತಲ್ಲ ಎಂಬುದಕ್ಕೇ ಅಳು ಒತ್ತರಿಸಿ ಬಂತು. ಊರಿಗೆಲ್ಲ ರೊಟ್ಟಿ ಇಟ್ಟು ಹೊಲಿದವಳು ತನಗೊಬ್ಬಳಿಗಾಗಿ ಆ ರಿವಾಜು ಮುರಿದು, ಒಂದು ಮಾತೂ ಆಡದೆ ಇದ್ದಳು. ತಾನು ಬ್ಲೇಡು ಹಿಡಿದಳು. ಗಬಗಬನೆ ಹೊಲಿದು ಮುಚ್ಚಿಬಿಡೋಣ ಎಂದು ಸೂಜಿ ತೆಗೆದಳು. ತನ್ನ ಹೊಲಿಗೆ ಅಡ್ಡಾದಿಡ್ಡಿ ಓಡಿತು. ಬಿಚ್ಚಿದಳು.

ಮರುದಿನ ಕೌದಿ ಮಡಚಿ ಚೀಲಕ್ಕೆ ತುಂಬಿ, ಕಮಲಾಪುರದ ಬಸ್ಸು ಹತ್ತಿದಳು.

ಮಸ್ತಾನಬಿ ಪಡಸಾಲೆಯಲ್ಲಿ ಕೂತಿದ್ದಳು. ಒಳಗೆ ಸೊಸೆ ಕುಲ್ಸುಮ್ ರೊಟ್ಟಿ ಬಡಿಯುವ ಸಪ್ಪಳ. ತುಂಗಾಬಾಯಿ ಕೊಯ್ದ ಮೂಲೆಯನ್ನೂ ಅರಿಶಿನ ಕೊಂಬನ್ನೂ ಮುಂದಿಟ್ಟಳು. ಮಸ್ತಾನಬಿ ಸೀಳಿನ ಮೇಲೆ ಬೆರಳಾಡಿಸಿದಳು.

"ಕೇಳಿದ್ರ ಹೇಳ್ತಿದ್ದಿಲ್ಲೇನ್ರಿ ಬಾಯರೆ?"

"ತಪ್ಪಾತು, ಆಪಾ."

"ಆರು ವರ್ಷ ಬಾಜೂಕ ಇದ್ವಿ. ನಿಮ್ಮ ಮನಿಗಿ ಏನ್ ನಡೀತದ, ಏನ್ ನಡ್ಯಂಗಿಲ್ಲ, ನನಗ ಗೊತ್ತಿಲ್ಲೇನು?"

ತುಂಗಾಬಾಯಿ ಕಣ್ಣೊರೆಸಿಕೊಂಡಳು. ಮಸ್ತಾನಬಿ ಸೂಜಿ ದಾರ ತೆಗೆದಳು. ಈಗೀಗ ಕಣ್ಣು ಮಂಜು. ಸೂಜಿಯನ್ನು ಇವಳ ಕೈಗೇ ಕೊಟ್ಟಳು. ತುಂಗಾಬಾಯಿ ದಾರ ಪೋಣಿಸಿ ಕೊಟ್ಟಳು.

"ಹೇಳ್ರಿ, ಈಗ ಏನ್ ಇಡಲಿ?"

ಅಷ್ಟರಲ್ಲಿ ಕುಲ್ಸುಮ್ ರೊಟ್ಟಿ ಬುಟ್ಟಿ ತಂದು ಅತ್ತೆಯ ಮುಂದಿಟ್ಟು ಹೋದಳು. ತುಂಗಾಬಾಯಿ ಬುಟ್ಟಿ ನೋಡಿದಳು, ಕೊಂಬು ನೋಡಿದಳು. ಇಡೀ ಜನ್ಮದಲ್ಲಿ ಆಕೆಯನ್ನು ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ. ರೊಟ್ಟಿ ಎನ್ನಲು ಬಾಯಿ ಬರಲಿಲ್ಲ. ಅರಿಶಿನ ಎನ್ನಲು ಮೋರೆ ಇರಲಿಲ್ಲ.

"ನನಗ ತಿಳೀವಲ್ತು, ಆಪಾ. ನಿಮಗ ತಿಳಿದದ್ದು ಇಡ್ರಿ."

"ಮತ್ತ ಬಿಚ್ಚಿ ನೋಡಂಗಿಲ್ಲಲ್ಲ?"

"ಇಲ್ಲ."

ಮಸ್ತಾನಬಿ ಬುಟ್ಟಿಯನ್ನೂ ಕೊಂಬನ್ನೂ ಎಳೆದುಕೊಂಡು, ಕೌದಿಯೊಡನೆ ಗೋಡೆಯ ಕಡೆ ತಿರುಗಿ ಕೂತಳು. ಆಕೆಯ ಬೆನ್ನಷ್ಟೇ ಕಾಣುತ್ತಿತ್ತು. ಏನು ಮುರಿದಳೋ, ಏನು ಸುತ್ತಿದಳೋ. ಹೊಲಿದು ಮುಗಿಸಿ ದಾರ ಹಲ್ಲಿನಿಂದ ಕಡಿದು ಕೌದಿ ಕೊಟ್ಟಳು. "ಈಗ ನಿದ್ದಿ ಮಾಡ್ರಿ" ಎಂದಳು.

ಮನೆಯಲ್ಲಿ ಮಾಸ್ತರರು ಕುತೂಹಲದಿಂದ ಕೇಳಿದರು: "ಒಳಗ ಏನು ಇಟ್ರಂತ?"

"ಗೊತ್ತಿಲ್ಲ" ಎಂದಳು ತುಂಗಾಬಾಯಿ.

ರಾತ್ರಿ ಕೆಲಸವೆಲ್ಲ ಮುಗಿಸಿ ಕೌದಿ ಹಾಸಿದಳು. ಆ ಮೂಲೆ ತಲೆಯ ಕಡೆಗೇ ಬಂತು. ಎರಡು ಬೆರಳಿನಿಂದ ಒಮ್ಮೆ ಒತ್ತಿದರೆ ಗಟ್ಟಿಯೋ ಮೆತ್ತಗೋ ತಿಳಿದುಹೋಗುತ್ತಿತ್ತು. ಬೆರಳುಗಳು ಅಲ್ಲಿಯವರೆಗೂ ಹೋದವು. ಅವನ್ನು ಮುಷ್ಟಿಯಲ್ಲಿ ಮಡಚಿ ಎದೆಯ ಕೆಳಗೆ ಇಟ್ಟುಕೊಂಡು ಮಲಗಿದಳು.