ಪಕ್ಕದ ಕೋಣೆಗೆ ಬರೆದ ಕಾಗದ

ಜೀವಕೋಶದೊಳಗಿನ ಪ್ರೋಟೀನುಗಳಲ್ಲಿ ಒಂದೊಂದು ಪರಮಾಣುವೂ ಎಲ್ಲೆಲ್ಲಿ ನೆಲೆಸಿದೆ ಎಂಬ ವಿವರವನ್ನು ಕಾಪಿಡುವ ನಮ್ಮ ರಚನಾ ಸಂಗ್ರಹಾಲಯವನ್ನು ಮೂವತ್ತೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದು, ಇದೀಗ ನಿವೃತ್ತರಾದ ನಿರ್ದೇಶಕಿಯವರನ್ನು ಕುರಿತು ಬರೆಯುವ ಭಾಗ್ಯ, ಅವರ ಕೈಕೆಳಗೆ ಪಳಗಿದ ನನಗೆ ದೊರೆತಿದೆ. ಬೆನ್ನ ಹಿಂದೆ ನಾವು ಅವರನ್ನು ‘ಕಟ್ಟುನಿಟ್ಟಮ್ಮ’ ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು.

ಅವರು ಬಂದಾಗ ಸಂಗ್ರಹವೆಂದರೆ ತಂಪು ಕೋಣೆಯ ಟೇಪು ಸುರುಳಿಗಳು ಮತ್ತು ಬೀರು ತುಂಬ ಹಾಳೆಗಳು. ಅವನ್ನೆಲ್ಲ ಕಂಪ್ಯೂಟರಿಗೇರಿಸಿ, ಯಾವ ಮೂಲೆಯ ವಿದ್ಯಾರ್ಥಿಗೂ ಪುಕ್ಕಟೆಯಾಗಿ ಸಿಗುವಂತೆ ಮಾಡಿದರು. ಔಷಧ ರೂಪಿಸುವವರು ಈ ರಚನೆಗಳನ್ನೇ ನಂಬಿ ಮುಂದುವರಿಯುತ್ತಾರಾದ್ದರಿಂದ ಹಳೆಯವನ್ನೆಲ್ಲ ಮರುತಪಾಸಣೆಗೆ ಒಡ್ಡಿದರು. ಹಲವರ ತಪ್ಪುಗಳು ಹೊರಬಿದ್ದವು. ಆಗ ಒಂದು ಪದ್ಧತಿ ಹಾಕಿದರು: ತಪ್ಪಿರುವ ರಚನೆಯನ್ನು ಸಂಗ್ರಹದಿಂದ ಹಿಂತೆಗೆಯುವ ಮುನ್ನ ಅದನ್ನು ಕಂಡುಹಿಡಿದು ಕಳಿಸಿದ ವಿಜ್ಞಾನಿಗಳಿಗೆ ಸಹಿ ಮಾಡಿದ ಕಾಗದ ಹೋಗಬೇಕು, ಉತ್ತರಕ್ಕೆ ಒಂದು ತಿಂಗಳು ಕೊಡಬೇಕು. “ಊರಿಗೆಲ್ಲ ಗೊತ್ತಾಗೋ ಮುಂಚೆ ಅವರಿಗೆ ಗೊತ್ತಾಗ್ಲಿ,” ಎನ್ನುತ್ತಿದ್ದರು. ವಯಸ್ಸಾದ ಪ್ರಾಧ್ಯಾಪಕರೊಬ್ಬರು ಅಂಥ ಕಾಗದ ಹಿಡಿದು ಬಂದು ಕಣ್ಣೀರಿಟ್ಟಾಗ, ಊಟವನ್ನೂ ಬಿಟ್ಟು ಇಡೀ ಮಧ್ಯಾಹ್ನ ಪಕ್ಕದಲ್ಲಿ ಕುಳಿತು ಅವರ ರಚನೆಯನ್ನು ತಿದ್ದಿಕೊಟ್ಟದ್ದನ್ನು ನಾನೇ ಕಂಡಿದ್ದೇನೆ.

ನಿವೃತ್ತಿಗೆ ಆರು ವಾರವಿದ್ದಾಗ, ಕೊನೆಯ ಕಂತಿನ ತಪಾಸಣೆಯಲ್ಲಿ ಅವರದೇ ಮೊದಲ ರಚನೆ ಸಿಕ್ಕಿಬಿತ್ತು. ಅವರಿಗೆ ಹೆಸರು ತಂದುಕೊಟ್ಟದ್ದೇ ಅದು. ಪ್ರೋಟೀನಿನ ಸರಪಳಿ ಒಂದು ತಿರುವಿನಲ್ಲಿ ದಾರಿ ತಪ್ಪಿತ್ತು. ಆ ತಪಾಸಣೆಯ ಹಾಳೆಯನ್ನು ಎರಡು ದಿನ ಡ್ರಾಯರಿನಲ್ಲಿ ಮುಚ್ಚಿಟ್ಟೆ. ಮೂರನೆಯ ದಿನ ಅವರೇ ನನ್ನ ಮೇಜಿನ ಬಳಿ ಬಂದರು.

“ತಪಾಸಣೆಯ ಪಟ್ಟಿಯಲ್ಲಿ ಒಂದು ಕಡಿಮೆ ಇದೆಯಲ್ಲ, ಯಾರದು?”

“ಮೇಡಂ, ಅದನ್ನ ಆರು ವಾರ ಕಳೆದ ಮೇಲೆ ನೋಡೋಣ ಬಿಡಿ.”

“ನನ್ನದಾ?” ಎಂದವರು ಹಾಳೆಯನ್ನು ಕೇಳಿ ತೆಗೆದುಕೊಂಡು ಅದರ ತಾರೀಖು ನೋಡಿದರು. “ಹಾಗಾದ್ರೆ ನನಗೂ ಕಾಗದ ಕಳಿಸಿ. ಊರಿಗೊಂದು ನ್ಯಾಯ, ನನಗೊಂದು ನ್ಯಾಯ ಬೇಡ.”

ಗೋಡೆಯಾಚೆ ಕುಳಿತವರಿಗೆ ‘ಮಾನ್ಯರೇ’ ಎಂದು ಬರೆದು, ಸಹಿ ಮಾಡಿ ಕಳಿಸಿದೆ. ಉತ್ತರಕ್ಕೆ ತಿಂಗಳೇನೂ ಬೇಕಾಗಲಿಲ್ಲ, ನಾಲ್ಕನೆಯ ದಿನವೇ ಬಂತು: “ಮತ್ತೆ ಪರಿಶೀಲಿಸಿದೆ. ತಪ್ಪು ನನ್ನದೇ. ಹಿಂತೆಗೆಯಿರಿ. ಹಾಳೆಯನ್ನು ಎರಡು ದಿನ ಮುಚ್ಚಿಟ್ಟದ್ದು ಸರಿಯಲ್ಲ.”

ಈ ಅಭಿನಂದನ ಸಂಪುಟದ ಸಂಪಾದಕರು ಆ ರಚನೆಯ ಬಗ್ಗೆಯೇ ವಿಸ್ತಾರವಾಗಿ ಬರೆಯಿರೆಂದು ಕೇಳಿದ್ದರು. ಆ ರಚನೆ ಈಗ ಸಂಗ್ರಹದಲ್ಲಿಲ್ಲ; ಸಂಪಾದಕರ ಕ್ಷಮೆ ಕೋರುತ್ತೇನೆ. ಮೇಡಂ ಈಗ ಮನೆಯಲ್ಲಿ ಆ ಸರಪಳಿಯನ್ನು ಮೊದಲಿನಿಂದ ಪೋಣಿಸುತ್ತಿದ್ದಾರೆಂದು ಅವರ ಯಜಮಾನರು ತಿಳಿಸಿದ್ದಾರೆ. ಅದೊಂದನ್ನೇ ಅಲ್ಲ, ಅಂಥ ಹತ್ತನ್ನು ಮುಗಿಸುವಷ್ಟು ಆಯುಸ್ಸೂ ಕಣ್ಣಿನ ಕಸುವೂ ಅವರಿಗಿರಲಿ. ರಚನೆ ನಮ್ಮಲ್ಲಿಗೆ ಬಂದ ದಿನವೇ ತಪಾಸಣೆಗೆ ಹಾಕುತ್ತೇನೆ; ತಪ್ಪು ಕಂಡರೆ ಅಂದೇ ಕಾಗದ ಬರೆಯುತ್ತೇನೆ.